ಹಳೇ ಕಾಗದ ನಂಬಿ ಬದುಕೋದು ಹೇಗೆ? ಪತ್ರಾಗಾರ, ಮ್ಯೂಸಿಯಂ, ಹಸ್ತಪ್ರತಿ ಭಂಡಾರದ ಕೆಲಸಕ್ಕೆ ಬರುವವರಿಗೆ

ಕೆಲಸಕ್ಕೆ ಸೇರಿದ ಎರಡನೇ ವಾರ ನಾನೊಂದು ದೊಡ್ಡ ತಪ್ಪು ಮಾಡಿದೆ. ಒಂದು ಹಳೇ ಮನೆತನದ ಕಾಗದಪತ್ರಗಳು ನಮ್ಮಲ್ಲಿಗೆ ಬಂದಿದ್ದವು, ಒಟ್ಟು ಆರು ಟ್ರಂಕು. ಮೂರನೇ ಟ್ರಂಕಿನಲ್ಲಿ ಗೋಣಿದಾರ ಸುತ್ತಿದ ಒಂದು ಕಂತೆ ಇತ್ತು. ಬಿಚ್ಚಿದರೆ ಕಾರ್ಡುಗಳು, ಕಂದಾಯದ ರಸೀದಿಗಳು, ಎರಡು ಛಾಪಾ ಕಾಗದ, ನಡುವೆ ಒಂದು ಜಾತಕ. ಎಲ್ಲ ಕಲಸುಮೇಲೋಗರ ಅನ್ನಿಸಿತು. ಅಚ್ಚುಕಟ್ಟು ಮಾಡೋಣ ಅಂತ ಕಾರ್ಡುಗಳನ್ನು ತಾರೀಕಿನ ಪ್ರಕಾರ ಜೋಡಿಸಿದೆ, ರಸೀದಿಗಳನ್ನು ಬೇರೆ ಇಟ್ಟೆ, ಜಾತಕವನ್ನು ಬೇರೆ ಟ್ರಂಕಿನಲ್ಲಿ ಸಿಕ್ಕಿದ್ದ ಜಾತಕಗಳ ಜೊತೆ ಸೇರಿಸಿದೆ. ಸಂಜೆ ನಮ್ಮ ಹಿರಿಯರೊಬ್ಬರು ಬಂದು ನೋಡಿದರು.

"ದಾರ ಬಿಚ್ಚಿದ್ಯೇನಮ್ಮಾ?"

"ಹೌದು ಸರ್, ಎಲ್ಲ ಕ್ಲೀನ್ ಮಾಡಿಟ್ಟಿದೀನಿ."

"ಬಿಚ್ಚೋ ಮುಂಚೆ ಯಾವುದರ ಕೆಳಗೆ ಯಾವುದಿತ್ತು ಅಂತ ಬರ್ಕೊಂಡ್ಯಾ?"

ಬರೆದುಕೊಂಡಿರಲಿಲ್ಲ. ಛಾಪಾ ಕಾಗದ ಓದಿದ ಮೇಲೆ ಗೊತ್ತಾಯಿತು, ಅದು ಒಂದು ಆಸ್ತಿ ವ್ಯಾಜ್ಯದ ಕಂತೆ. ಹುಡುಗ ಆಗ ಮೈನರ್ ಆಗಿದ್ದನೋ ಇಲ್ಲವೋ ಅನ್ನುವುದೇ ಜಗಳ. ಜಾತಕ ಅಲ್ಲಿದ್ದದ್ದು ಅವನ ವಯಸ್ಸು ತೋರಿಸೋಕೆ. ಈಗ ಏಳು ಜಾತಕಗಳ ರಾಶಿಯಲ್ಲಿ ಯಾವುದು ಆ ಕಂತೆಯದು ಅಂತ ನನಗೇ ನೆನಪಿರಲಿಲ್ಲ.

ಈ ಕಡೆ ಬರಬೇಕು ಅನ್ನುವವರು ನನ್ನನ್ನು ಕೇಳೋ ಮೊದಲ ಪ್ರಶ್ನೆ "ಯಾವ ಕೋರ್ಸ್ ಮಾಡಬೇಕು?" ಅಂತ. ಕೋರ್ಸಿನ ವಿಚಾರ ಕೆಳಗೆ ಬರುತ್ತದೆ, ಸ್ವಲ್ಪ ತಡೆಯಿರಿ. ಆದರೆ ಇಲ್ಲಿ ಅನ್ನ ಹಾಕುವ ವಿದ್ಯೆ ಒಂದೇ: ಎದುರಿಗೆ ಬಂದ ಗಂಟಿನಲ್ಲಿ ಏನಿದೆ, ಹೇಗಿದೆ, ಎಲ್ಲಿಂದ ಬಂತು ಅಂತ ಇನ್ನೊಬ್ಬರಿಗೆ ಅರ್ಥ ಆಗುವ ಹಾಗೆ ಪಟ್ಟಿ ಮಾಡೋದು. ಡಿಗ್ರಿ ಇದ್ದೂ ಪಟ್ಟಿ ಮಾಡಲು ಬಾರದವರನ್ನು ಜಾಸ್ತಿ ನೋಡಿದ್ದೇನೆ. ಪಟ್ಟಿ ಮಾಡಲು ಬಂದವರು ಕೆಲಸವಿಲ್ಲದೆ ಕೂತಿದ್ದನ್ನು ನೋಡಿದ್ದು ಕಡಿಮೆ. ಸಂಬಳ ಕಡಿಮೆ ಇತ್ತು ಅನ್ನೋದು ಬೇರೆ ಮಾತು, ಅದನ್ನೂ ಹೇಳುತ್ತೇನೆ.

ಮೊದಲು: ಯಾವ ಮನೆ ನಿಮ್ಮದು ಅಂತ ನೋಡಿಕೊಳ್ಳಿ

ಹೊರಗಿನವರಿಗೆ ಎಲ್ಲ ಒಂದೇ, ಧೂಳು ಕುಡಿಯೋ ಕೆಲಸ. ಒಳಗೆ ಬಂದರೆ ಐದು ಬೇರೆ ಬೇರೆ ಮನೆ.

ಪತ್ರಾಗಾರದಲ್ಲಿ ಇರುವುದು ಸರ್ಕಾರವೋ ಸಂಸ್ಥೆಯೋ ಮನೆತನವೋ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಾ ಹುಟ್ಟಿಸಿದ ಕಾಗದ. ಯಾರೂ ಅದನ್ನು ಓದುಗರಿಗೆ ಅಂತ ಬರೆದಿರುವುದಿಲ್ಲ. ಒಂದೇ ಪ್ರತಿ, ಅದಕ್ಕೇ ಅಷ್ಟು ಜೋಪಾನ. ದೆಹಲಿಯ ರಾಷ್ಟ್ರೀಯ ಪತ್ರಾಗಾರ 1891ರಲ್ಲಿ ಕಲ್ಕತ್ತದಲ್ಲಿ ಶುರುವಾದದ್ದು. ನಮ್ಮ ರಾಜ್ಯ ಪತ್ರಾಗಾರ ವಿಧಾನಸೌಧದಲ್ಲೇ ಇದೆ, ಎಷ್ಟೋ ಜನ ಬೆಂಗಳೂರಿನವರಿಗೇ ಗೊತ್ತಿಲ್ಲ.

ಅಪರೂಪದ ಪುಸ್ತಕಗಳದ್ದು ಬೇರೆ ದಾರಿ. ಅಲ್ಲಿ ಎಷ್ಟನೇ ಮುದ್ರಣ, ಯಾವ ಛಾಪಖಾನೆ, ರಟ್ಟು ಮೂಲದ್ದಾ, ಒಳಪುಟದಲ್ಲಿ ಯಾರ ಸಹಿ ಇದೆ ಅನ್ನೋದೇ ಮಾತು. ಮಂಗಳೂರಿನ ಬಲ್ಮಠದಲ್ಲಿರುವ ಥಿಯಾಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಷನ್ ಛಾಪಿಸಿದ ಹಳೇ ಪುಸ್ತಕಗಳ ಸಂಗ್ರಹ ಇದೆ. ಕನ್ನಡ ಮುದ್ರಣದ ಬಗ್ಗೆ ಆಸೆ ಇರುವವರು ಒಮ್ಮೆ ಹೋಗಿ ಬರಲೇಬೇಕು.

ಹಸ್ತಪ್ರತಿ ಭಂಡಾರ ಅಂದರೆ ಓಲೆಗರಿ, ಕೈಬರಹದ ಕಾಗದ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗ, ಕೆಳದಿಯ ಮ್ಯೂಸಿಯಂ, ಧರ್ಮಸ್ಥಳ, ಮಠಗಳು. ಮ್ಯೂಸಿಯಂ ಅಂದರೆ ವಸ್ತು, ಜೊತೆಗೆ ಜನ. ದಿನಾ ಬರುವ ಶಾಲೆ ಮಕ್ಕಳಿಗೆ ಕಥೆ ಹೇಳಲು ಬರಬೇಕು. ಐದನೆಯದು ಸಂರಕ್ಷಣೆಯ ಲ್ಯಾಬು: ಅಲ್ಲಿ ಇತಿಹಾಸಕ್ಕಿಂತ ಕೆಮಿಸ್ಟ್ರಿ ಜಾಸ್ತಿ, ಕೈ ನಡುಗದವರಿಗೆ ಮಾತ್ರ.

ನಿಮಗೆ ಯಾವುದು ಹಿಡಿಸುತ್ತದೆ ಅಂತ ಮನೆಯಲ್ಲಿ ಕೂತು ಯೋಚಿಸಿದರೆ ಗೊತ್ತಾಗಲ್ಲ. ಒಂದೊಂದು ಕಡೆ ಒಂದು ಇಡೀ ದಿನ ಕಳೆಯಿರಿ. ಪತ್ರಾಗಾರಕ್ಕೆ ಓದುಗರಾಗಿ ಹೋಗಿ, ಕಾಲೇಜಿನಿಂದ ಒಂದು ಪತ್ರ, ಗುರುತಿನ ಚೀಟಿ ತಗೊಂಡು. ಯಾವುದಾದರೂ ಒಂದು ಫೈಲು ತರಿಸಿಕೊಂಡು ಮೊದಲ ಹಾಳೆಯಿಂದ ಕೊನೆಯ ಹಾಳೆವರೆಗೆ ಓದಿ. ಮಧ್ಯಾಹ್ನ ಮೂರು ಗಂಟೆಗೆ ನಿಮಗೆ ನಿದ್ದೆ ಬಂತಾ, ಇಲ್ಲ ಊಟ ಮರೆತುಹೋಯಿತಾ ಅಂತ ನೋಡಿಕೊಳ್ಳಿ.

ಮ್ಯೂಸಿಯಂ ಕಡೆ ಒಲವಿದ್ದರೆ ಒಂದು ಪರೀಕ್ಷೆ ಕೊಡುತ್ತೇನೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ 1865ರದ್ದು. ಅಲ್ಲಿ ಆತಕೂರಿನ ಕಲ್ಲು ಇದೆ, 949ರ ಹೊತ್ತಿನದು. ಕಾಳಿ ಅನ್ನುವ ಬೇಟೆನಾಯಿ ಹಂದಿಯ ಜೊತೆ ಹೋರಾಡಿ ಸತ್ತದ್ದಕ್ಕೆ ನಿಲ್ಲಿಸಿದ ಕಲ್ಲು. ಅದರ ಮುಂದೆ ನಿಂತು, ಏಳನೇ ಕ್ಲಾಸಿನ ಹುಡುಗನಿಗೆ ಅರ್ಥ ಆಗುವ ಹಾಗೆ ಐವತ್ತು ಪದದಲ್ಲಿ ಒಂದು ಫಲಕ ಬರೆಯಿರಿ. "ರಾಷ್ಟ್ರಕೂಟರ ಕಾಲದ ಅಪೂರ್ವ ಶಿಲ್ಪಕಲಾಕೃತಿ" ಅಂತ ಶುರು ಮಾಡಿದರೆ ಹುಡುಗ ಆಗಲೇ ಮುಂದಿನ ಕೋಣೆಗೆ ಹೋಗಿರುತ್ತಾನೆ. ನಾಯಿಯಿಂದ ಶುರು ಮಾಡಿದರೆ ನಿಲ್ಲುತ್ತಾನೆ.

ಎರಡನೆಯದು: ಅಜ್ಜಿಯ ಟ್ರಂಕು

ಯಾರ ಅನುಮತಿಯೂ ಬೇಡದ ಪತ್ರಾಗಾರ ಅಂದರೆ ನಿಮ್ಮ ಮನೆ ಅಟ್ಟ. ಅಜ್ಜಿಯ ಟ್ರಂಕು, ದೊಡ್ಡಪ್ಪನ ಬೀರು, ಊರಿನ ಸಹಕಾರ ಸಂಘದ ಹಳೇ ರಿಜಿಸ್ಟರು, ಯಾವುದಾದರೂ ಸರಿ. ಐವತ್ತು ವಸ್ತು ಆರಿಸಿಕೊಂಡು ಪಟ್ಟಿ ಮಾಡಿ. ನಾನು ಇದನ್ನು ಸುಮ್ನೆ ಹೇಳುತ್ತಿಲ್ಲ. ಕೆಲಸ ಕೇಳಿಕೊಂಡು ಬಂದವರಲ್ಲಿ ಇಂಥ ಒಂದು ಪಟ್ಟಿ ತಂದವರನ್ನು ನಾವು ಎದುರಿಗೆ ಕೂರಿಸಿಕೊಂಡು ಮಾತಾಡುತ್ತೇವೆ.

ಶುರು ಮಾಡುವ ಮೊದಲು ಟ್ರಂಕು ತೆರೆದ ಕೂಡಲೇ ಒಂದು ಫೋಟೋ. ಒಂದೊಂದು ಪದರ ತೆಗೆದ ಮೇಲೂ ಒಂದೊಂದು ಫೋಟೋ. ದಾರ, ಗುಂಡುಸೂಜಿ, ಲಕೋಟೆ ಯಾವುದು ಯಾವುದನ್ನು ಹಿಡಿದಿಟ್ಟಿತ್ತು ಅಂತ ಬರೆದುಕೊಳ್ಳಿ. ಇಟ್ಟವರು ಇಟ್ಟ ಕ್ರಮಕ್ಕೆ ಒಂದು ಅರ್ಥ ಇರುತ್ತದೆ, ನಮಗೆ ಅದು ಗೊತ್ತಾಗದೇ ಇರಬಹುದು ಅಷ್ಟೇ. ನನ್ನ ಜಾತಕದ ಕಥೆ ಮೇಲೆ ಓದಿದಿರಲ್ಲ.

ಈಗ ಪಟ್ಟಿ. ಸಾಮಾನ್ಯವಾಗಿ ಹೊಸಬರು ಹೀಗೆ ಬರೆಯುತ್ತಾರೆ:

"ಹಳೆಯ ಕಾರ್ಡು – 1."

ಇದರಿಂದ ಯಾರಿಗೂ ಏನೂ ಸಿಗಲ್ಲ. ಅದೇ ಕಾರ್ಡನ್ನು ಹೀಗೆ ಬರೆದು ನೋಡಿ:

"ಅಂಚೆ ಕಾರ್ಡು, 1. ಕನ್ನಡ, ಕಪ್ಪು ಶಾಯಿ, ಎರಡೂ ಬದಿ ಬರಹ. ತಂದೆಯಿಂದ ಮಗಳಿಗೆ, ತೀರ್ಥಹಳ್ಳಿ ವಿಳಾಸ. ಸ್ವಭಾನು ಸಂವತ್ಸರ, ಆಶ್ವಯುಜ. ಅಂಚೆ ಮುದ್ರೆ ಅಕ್ಟೋಬರ್ 1943. ಸೀಮೆಎಣ್ಣೆ ಸಿಗದಿರುವುದು, ಅಡಕೆ ಧಾರಣೆ, ಹೆರಿಗೆಗೆ ಕರೆಸಿಕೊಳ್ಳುವ ವಿಚಾರ. ಬಲ ಮೇಲ್ಮೂಲೆ ಗೆದ್ದಲು ತಿಂದಿದೆ, ಎರಡು ಪದ ಓದಲಾಗದು. ನೀಲಿ ರೇಷ್ಮೆ ದಾರದ ಕಂತೆಯಲ್ಲಿ ನಾಲ್ಕನೆಯದು."

ನೋಡಿ, ಈಗ ಯುದ್ಧಕಾಲದ ಅಭಾವದ ಬಗ್ಗೆ ಹುಡುಕುವವರಿಗೂ ಇದು ಸಿಗುತ್ತದೆ, ಅಡಕೆ ಬೆಲೆ ಹುಡುಕುವವರಿಗೂ ಸಿಗುತ್ತದೆ, ಹೆಂಗಸರ ಬದುಕಿನ ಬಗ್ಗೆ ಬರೆಯುವವರಿಗೂ ಸಿಗುತ್ತದೆ. ಪತ್ರದ ತಲೆಯಲ್ಲಿ "ಉಭಯ ಕುಶಲೋಪರಿ ಸಾಂಪ್ರತ" ಅಂತ ಇದ್ದದ್ದನ್ನು ಬರೆಯಬೇಕಿಲ್ಲ, ಅದು ಎಲ್ಲ ಪತ್ರದಲ್ಲೂ ಇರುತ್ತದೆ. ಯಾವುದನ್ನು ಬಿಡಬೇಕು ಅನ್ನೋದು ಹತ್ತಿಪ್ಪತ್ತು ಪತ್ರ ಆದಮೇಲೆ ತಾನಾಗಿ ಬರುತ್ತದೆ.

ತಾರೀಕು ಮಾತ್ರ ಕಾಡುತ್ತದೆ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಸ್ವಭಾನು ಅಂದರೆ 1883ಕ್ಕೂ ಆದೀತು, 1943ಕ್ಕೂ ಆದೀತು, 2003ಕ್ಕೂ ಆದೀತು. ಅಂಚೆ ಮುದ್ರೆ ಅಳಿಸಿದ್ದರೆ ಕಾರ್ಡಿನ ಮೇಲೆ ಯಾವ ರಾಜನ ತಲೆ ಇದೆ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಶಾಲಿವಾಹನ ಶಕ ಇದ್ದರೆ 78 ಕೂಡಿಸಿ. ಕಂದಾಯದ ಕಾಗದದಲ್ಲಿ ಫಸಲಿ, ಅಂದರೆ ಕಂದಾಯ ಲೆಕ್ಕದ ವರ್ಷ, ಇದ್ದರೆ ಸುಮಾರು 590 ಕೂಡಿಸಿ: ಫಸಲಿ 1330 ಅಂದರೆ 1920ರ ಆಸುಪಾಸು. ಟಿಪ್ಪುವಿನ ಕಾಲದ ಕಾಗದ ಕೈಗೆ ಬಂದರೆ ಮಾತ್ರ ಯಾರಾದರೂ ಬಲ್ಲವರನ್ನು ಕೇಳಿ, ಅವನು ಪಂಚಾಂಗವನ್ನೇ ಬದಲಿಸಿದ್ದ. ಖಚಿತ ಇಲ್ಲದಿದ್ದರೆ "ಸುಮಾರು" ಅಂತ ಬರೆಯೋಕೆ ನಾಚಿಕೆ ಬೇಡ. ಗೊತ್ತಿಲ್ಲದ ತಾರೀಕನ್ನು ಗೊತ್ತಿರುವ ಹಾಗೆ ಬರೆದರೆ ಅದನ್ನು ನಂಬಿ ಯಾರೋ ಪಿಎಚ್‌ಡಿ ಬರೆದಿರುತ್ತಾರೆ.

ಮೂರನೆಯದು: ಒಂದು ಲಿಪಿ ಕಲಿಯಿರಿ

ಇದನ್ನು ಯಾರೂ ಹೇಳಲ್ಲ, ಅದಕ್ಕೇ ನಾನು ಒತ್ತಿ ಹೇಳುತ್ತೇನೆ. ಲೈಬ್ರರಿ ಸೈನ್ಸ್ ಮಾಡಿದವರು ಸಾವಿರ ಜನ ಸಿಗುತ್ತಾರೆ. ಮೋಡಿ, ಅಂದರೆ ಹಿಂದೆ ಮರಾಠಿ ಬರೆಯುತ್ತಿದ್ದ ಕೂಡುಬರಹದ ಲಿಪಿ, ಓದುವವರು ಊರಿಗೊಬ್ಬರು ಸಿಕ್ಕರೆ ಪುಣ್ಯ.

ನಮ್ಮ ರಾಜ್ಯವನ್ನು ಲಿಪಿಯ ಮೇಲೆ ಬೇರೆ ಥರ ಹಂಚಬಹುದು. ಬೆಳಗಾವಿ, ಧಾರವಾಡ ಕಡೆಯ ಹಳೇ ದಫ್ತರಗಳಲ್ಲಿ ಮೋಡಿ. ಬೀದರ್, ಕಲಬುರಗಿ ಕಡೆ ಪಾರಸಿ, ಉರ್ದು. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಸಂಸ್ಕೃತದ ಓಲೆಗರಿ ತಿಗಳಾರಿಯಲ್ಲಿ. ಮಾಧ್ವ ಮಠಗಳಲ್ಲಿ ನಂದಿನಾಗರಿ. ಹಳೇ ಮೈಸೂರಿನಲ್ಲಿ ಕನ್ನಡವೇ, ಆದರೆ ಶಾನುಭೋಗರ ಕೈಬರಹ. ಪದಗಳ ನಡುವೆ ಜಾಗವಿಲ್ಲ, ಒತ್ತಕ್ಷರ ಎಲ್ಲಿ ಮುಗಿಯಿತು ಅಂತ ಅವರಿಗೆ ಮಾತ್ರ ಗೊತ್ತು. ಕನ್ನಡ ಮಾತೃಭಾಷೆ ಅಂದುಕೊಂಡು ಹೋಗಿ ಮೊದಲ ಸಾಲಿನಲ್ಲೇ ಸೋತವರಲ್ಲಿ ನಾನೂ ಒಬ್ಬಳು.

ಲಿಪಿ ಬಂದರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮ ಮೈಸೂರೇ ಸಾಕ್ಷಿ. ಕೌಟಿಲ್ಯನ ಅರ್ಥಶಾಸ್ತ್ರ ಕಳೆದೇಹೋಗಿದೆ ಅಂತ ಎಲ್ಲರೂ ಅಂದುಕೊಂಡಿದ್ದ ಕಾಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ಓಲೆಗರಿ ಕಟ್ಟು ಕೊಟ್ಟರು, ಗ್ರಂಥ ಲಿಪಿಯಲ್ಲಿದ್ದದ್ದು (ತಮಿಳು ನಾಡಿನ ಕಡೆ ಸಂಸ್ಕೃತ ಬರೆಯುತ್ತಿದ್ದ ಲಿಪಿ ಅದು). ಅಲ್ಲಿ ಲೈಬ್ರರಿಯನ್ ಆಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ ಇದೇನು ಅಂತ ಗುರುತಿಸಿದ್ದು 1905ರಲ್ಲಿ, ಅಚ್ಚು ಹಾಕಿಸಿದ್ದು 1909ರಲ್ಲಿ. ಗ್ರಂಥ ಲಿಪಿ ಬಾರದ ಲೈಬ್ರರಿಯನ್ ಅಲ್ಲಿದ್ದಿದ್ದರೆ ರಿಜಿಸ್ಟರಿನಲ್ಲಿ "ಸಂಸ್ಕೃತ ಗ್ರಂಥ, ಓಲೆ, ಒಂದು ಕಟ್ಟು" ಅಂತ ಬರೆದು ಬೀರುವಿಗೆ ಸೇರಿಸಿರುತ್ತಿದ್ದ. ನಿಜ ಹೇಳಬೇಕಂದರೆ ಅಂಥ ಸಾಲುಗಳು ನಮ್ಮ ಭಂಡಾರಗಳ ರಿಜಿಸ್ಟರುಗಳಲ್ಲಿ ಇವತ್ತಿಗೂ ಬೇಕಾದಷ್ಟಿವೆ.

ಎಲ್ಲಿ ಕಲಿಯೋದು? ಬೆಂಗಳೂರಿನ ಬಿ.ಎಂ.ಶ್ರೀ ಸ್ಮಾರಕ ಪ್ರತಿಷ್ಠಾನದಲ್ಲಿ ಹಸ್ತಪ್ರತಿ ತರಗತಿಗಳಿವೆ, ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಶಾಸನಶಾಸ್ತ್ರದ ಡಿಪ್ಲೊಮಾ ಇದೆ. ಕೆಲಸಕ್ಕೆ ಹೋಗುತ್ತಾ ಕಲಿಯುವವರಿಗೂ ಇವು ಹೊಂದುತ್ತವೆ. ಮೋಡಿಗೆ ಮಹಾರಾಷ್ಟ್ರದ ಕಡೆ ನೋಡಿ, ಅಲ್ಲಿ ಕಲಿಸುವವರು ಜಾಸ್ತಿ. ತಿಗಳಾರಿಗೆ ಈಗ ಒಳ್ಳೇ ಕಾಲ: 2024ರಲ್ಲಿ ಅದಕ್ಕೆ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರುಗಳೂ ಒಪ್ಪುವ ಅಕ್ಷರ ಸಂಕೇತದಲ್ಲಿ, ಜಾಗ ಸಿಕ್ಕಿತು, ನಂದಿನಾಗರಿಗೆ 2019ರಲ್ಲೇ ಸಿಕ್ಕಿತ್ತು. ದಿನಕ್ಕೆ ಅರ್ಧ ಗಂಟೆ ಕೂತರೆ ಮೂರು ತಿಂಗಳಲ್ಲಿ ಅಕ್ಷರ ಬರುತ್ತದೆ. ಓದು ಬರೋಕೆ ಒಂದು ವರ್ಷ. ಬೇಗ ಕಲಿಸುತ್ತೇವೆ ಅನ್ನುವವರನ್ನು ನಂಬಬೇಡಿ.

ಓದಿನ ವಿಚಾರ

ಇದನ್ನು ಬೇಗ ಮುಗಿಸುತ್ತೇನೆ, ಅರ್ಹತೆ, ಶುಲ್ಕ, ಕೊನೇ ದಿನಾಂಕ ಎಲ್ಲ ವರ್ಷ ವರ್ಷ ಬದಲಾಗುತ್ತವೆ, ಆಯಾ ಪ್ರಕಟಣೆಯನ್ನೇ ನೋಡಬೇಕು.

ಪತ್ರಾಗಾರಕ್ಕೆ: ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಸ್ಕೂಲ್ ಆಫ್ ಆರ್ಕೈವಲ್ ಸ್ಟಡೀಸ್. ಒಂದು ವರ್ಷದ ಡಿಪ್ಲೊಮಾ ಇದೆ, ಕೆಲವು ವಾರಗಳ ಚಿಕ್ಕ ಕೋರ್ಸುಗಳೂ ಇವೆ. ಇತಿಹಾಸದಲ್ಲಿ ಎಂಎ ಮಾಡಿದವರಿಗೆ ಸಹಜವಾದ ದಾರಿ ಇದು. ಚಿಕ್ಕ ಕೋರ್ಸುಗಳ ಬಗ್ಗೆ ನನಗೆ ಒಳ್ಳೇ ಅಭಿಪ್ರಾಯ ಇದೆ, ಕಾಗದ ರಿಪೇರಿಯನ್ನು ಕೈಯಲ್ಲೇ ಮಾಡಿಸುತ್ತಾರೆ.

ಮ್ಯೂಸಿಯಂಗೆ: ಬರೋಡದ ಎಂ.ಎಸ್. ವಿಶ್ವವಿದ್ಯಾಲಯದ ಮ್ಯೂಸಿಯಾಲಜಿ ವಿಭಾಗ ದೇಶದಲ್ಲೇ ಮೊದಲನೆಯದು, 1952ರದ್ದು. ಕಲ್ಕತ್ತ ವಿಶ್ವವಿದ್ಯಾಲಯ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲೂ ಇದೆ. ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಅಂತ ಇದ್ದದ್ದು ಈಗ ನೋಯ್ಡಾದಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಆಗಿದೆ. ಕಲಾ ಇತಿಹಾಸ, ಸಂರಕ್ಷಣೆ, ಮ್ಯೂಸಿಯಾಲಜಿ ಮೂರರಲ್ಲೂ ಎಂಎ ಕೊಡುತ್ತಾರೆ.

ಪುಸ್ತಕಕ್ಕೆ: ಲೈಬ್ರರಿ ಸೈನ್ಸ್ ಮೈಸೂರು, ಧಾರವಾಡ, ಬೆಂಗಳೂರು, ಮಂಗಳೂರು, ಕಲಬುರಗಿ ಎಲ್ಲ ಕಡೆ ಇದೆ. ಎಸ್.ಆರ್. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಡಿಆರ್‌ಟಿಸಿ (ಡಾಕ್ಯುಮೆಂಟೇಶನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್) ಈಗಲೂ ಇದೆ, ಕಂಪ್ಯೂಟರ್ ಕಡೆ ಒಲವಿದ್ದರೆ ಅಲ್ಲಿಗೆ ಪ್ರಯತ್ನಿಸಿ. ವಿಶ್ವವಿದ್ಯಾಲಯದ ಲೈಬ್ರರಿ ಹುದ್ದೆ ಬೇಕು ಅಂದರೆ ನೆಟ್ ಪರೀಕ್ಷೆಯನ್ನೂ ತಲೆಯಲ್ಲಿಟ್ಟುಕೊಳ್ಳಿ.

ಸಂರಕ್ಷಣೆಗೆ ಬಿಎಸ್‌ಸಿ ಕೆಮಿಸ್ಟ್ರಿ ಇದ್ದರೆ ಅನುಕೂಲ. ಲಖನೌದ ಎನ್‌ಆರ್‌ಎಲ್‌ಸಿಯ (ಸಂರಕ್ಷಣೆಯ ರಾಷ್ಟ್ರೀಯ ಪ್ರಯೋಗಾಲಯ) ಪ್ರಾದೇಶಿಕ ಲ್ಯಾಬ್ ಮೈಸೂರಿನಲ್ಲೇ ಇದೆ. ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಬೆಂಗಳೂರಿನಲ್ಲಿದೆ. ತರಬೇತಿ ಯಾವಾಗ ಅಂತ ವಿಚಾರಿಸುತ್ತಾ ಇರಿ.

ಪಿಯುಸಿಯಲ್ಲಿರುವವರು ಕೇಳಿದರೆ ನಾನು ಹೇಳೋದು ಇಷ್ಟೇ: ಡಿಗ್ರಿ ಯಾವುದಾದರೂ ಮಾಡಿ, ಕನ್ನಡ ಕೈಬಿಡಬೇಡಿ, ಇಂಗ್ಲಿಷಿನಲ್ಲಿ ಒಂದು ಪುಟ ತಪ್ಪಿಲ್ಲದೆ ಬರೆಯುವಷ್ಟು ಕಲಿಯಿರಿ. ಎರಡೂ ಬೇಕು. ಕಾಗದ ಕನ್ನಡದಲ್ಲಿರುತ್ತದೆ, ಅನುದಾನದ ಅರ್ಜಿ ಇಂಗ್ಲಿಷಿನಲ್ಲಿರುತ್ತದೆ.

ಕೈಗೆ ಬರಬೇಕಾದ ಕೆಲಸ

ಮೊದಲು ಮಾಡಬಾರದ್ದು. ಹರಿದ ಹಾಳೆಗೆ ಸೆಲ್ಲೋಟೇಪ್ ಹಾಕಬೇಡಿ. ಹತ್ತು ವರ್ಷದಲ್ಲಿ ಟೇಪು ಉದುರುತ್ತದೆ, ಅಂಟು ಕಂದು ಕಲೆಯಾಗಿ ಕಾಗದದೊಳಗೇ ಉಳಿಯುತ್ತದೆ. ಲ್ಯಾಮಿನೇಷನ್ ಅಂಗಡಿಗೆ ಅಂತೂ ಒಯ್ಯಲೇಬೇಡಿ. ಸ್ಟೇಪ್ಲರ್ ಬೇಡ. ಪೆನ್ನು ಹತ್ತಿರ ತರಬೇಡಿ, ಪೆನ್ಸಿಲ್ ಮಾತ್ರ. ಕಾಗದ ಮುಟ್ಟುವಾಗ ಟಿವಿಯಲ್ಲಿ ತೋರಿಸುವ ಬಿಳಿ ಹತ್ತಿ ಕೈಗವಸು ಬೇಡ, ಬೆರಳಿಗೆ ಹಾಳೆಯ ಅಂಚು ಗೊತ್ತಾಗದೆ ಹರಿಯುತ್ತದೆ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ಸಾಕು. ಫೋಟೋ ಮುಟ್ಟುವಾಗ ಮಾತ್ರ ಕೈಗವಸು.

ತೇವ ಶೇಕಡಾ 45ರಿಂದ 55ರ ಒಳಗಿರಬೇಕು ಅಂತ ಪುಸ್ತಕದಲ್ಲಿರುತ್ತದೆ. ಆಗುಂಬೆ ಕಡೆಯ ಮಳೆಗಾಲಕ್ಕೆ ಇದನ್ನು ಹೇಳಿದರೆ ನಗುತ್ತಾರೆ. ಅಲ್ಲಿ ಆಗೋದು ಇಷ್ಟು: ಪೆಟ್ಟಿಗೆಯನ್ನು ನೆಲದಿಂದ ಎತ್ತರಿಸಿ, ಗೋಡೆಯಿಂದ ಒಂದು ಗೇಣು ಈಚೆ ಇಡಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಬೇಡಿ, ಕಿಟಕಿ ಎದುರು ಬೇಡ, ತಿಂಗಳಿಗೊಮ್ಮೆ ಗೆದ್ದಲು ನೋಡಿ. ನಮ್ಮ ಹಿರಿಯರು ಓಲೆಕಟ್ಟನ್ನು ಬಟ್ಟೆಯಲ್ಲಿ ಸುತ್ತಿ, ಬಜೆ ಬೇರು ಜೊತೆಗಿಟ್ಟು, ನವರಾತ್ರಿಯಲ್ಲಿ ಸರಸ್ವತಿ ಪೂಜೆ ನೆವದಲ್ಲಿ ಬಿಚ್ಚಿ ಗಾಳಿಯಾಡಿಸುತ್ತಿದ್ದರು. ಪೂಜೆಯ ಜೊತೆಗೇ ವರ್ಷಕ್ಕೊಂದು ತಪಾಸಣೆಯೂ ಆಗುತ್ತಿತ್ತು ಅಲ್ವಾ?

ಓಲೆಗರಿಗೆ ನಿಂಬೆಹುಲ್ಲಿನ ಎಣ್ಣೆ ಹಚ್ಚುವುದನ್ನು ಯೂಟ್ಯೂಬ್ ನೋಡಿ ಮಾಡಬೇಡಿ. ಕಂಟದಿಂದ (ಗರಿ ಕೊರೆಯುವ ಲೋಹದ ಕಡ್ಡಿ) ಕೊರೆದು ಕಾಡಿಗೆ ತುಂಬಿದ ಗರಿಗೆ ಅದು ನಡೆಯುತ್ತದೆ. ಮೇಲ್ಮೈಯಲ್ಲಿ ಶಾಯಿಯಿಂದ ಬರೆದ ಗರಿಯಾದರೆ ಅಕ್ಷರವೇ ಒರೆಸಿಹೋಗಬಹುದು. ಬಲ್ಲವರ ಪಕ್ಕ ಕೂತು ಕಲಿಯಬೇಕಾದ ಕೆಲಸ ಅದು.

ಕಡತ ಅನ್ನುವ ಪದವನ್ನು ನಾವು ದಿನಾ ಫೈಲಿಗೆ ಬಳಸುತ್ತೇವೆ. ನಿಜವಾದ ಕಡತ ನೋಡಿದ್ದೀರಾ? ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ ಕಪ್ಪು ಹಲಗೆಯಂತೆ ಮಾಡಿ, ಬಳಪದಿಂದ ಬರೆದು, ಮಡಿಕೆ ಮಡಿಕೆಯಾಗಿ ಮಡಿಸಿದ ಲೆಕ್ಕದ ಪುಸ್ತಕ. ಶೃಂಗೇರಿ ಮಠದ ಕಡತಗಳು ಹೆಸರುವಾಸಿ. ಬಳಪದ ಬರಹ, ಹೆಬ್ಬೆರಳು ಉಜ್ಜಿದರೆ ಹೋಯಿತು. ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಲು ಹೋದರೆ ಒಂದು ಕಾಲದ ಲೆಕ್ಕವೇ ಹೋಗುತ್ತದೆ.

ಸ್ಕ್ಯಾನರ್, ನುಡಿ, ಕಾಪಿರೈಟು

ಈಗ ಬರುವ ಕೆಲಸಗಳಲ್ಲಿ ಹೆಚ್ಚಿನವು ಡಿಜಿಟೈಸೇಶನ್ ಯೋಜನೆಗಳು. ಸ್ಕ್ಯಾನ್ ಮಾಡೋದನ್ನು ಒಂದು ವಾರದಲ್ಲಿ ಕಲಿಯಬಹುದು. ಮುದ್ರಿತ ಪುಟಕ್ಕೆ ಕನಿಷ್ಠ 300 ಡಿಪಿಐ, ಫೋಟೋಗೆ 600, ಮೂಲ ಪ್ರತಿ ಟಿಫ್, ಓದಲು ಕೊಡುವುದಕ್ಕೆ ಜೆಪೆಗ್ ಅಥವಾ ಪಿಡಿಎಫ್. ಮೂರು ಪ್ರತಿ ಇರಲಿ, ಒಂದು ಬೇರೆ ಕಟ್ಟಡದಲ್ಲಿ. ಕಷ್ಟ ಇರೋದು ಇದರಲ್ಲಲ್ಲ, ಆಮೇಲೆ ಹುಡುಕಿದರೆ ಸಿಗುವ ಹಾಗೆ ವಿವರ ಬರೆಯುವುದರಲ್ಲಿ. "ಸ್ಕ್ಯಾನ್_ಹೊಸದು_ಫೈನಲ್_2" ಅಂತ ಹೆಸರಿಟ್ಟ ಹತ್ತು ಸಾವಿರ ಫೈಲು ಇರುವ ಹಾರ್ಡ್‌ಡಿಸ್ಕ್ ನೋಡಿದ್ದೇನೆ. ಅದಕ್ಕಿಂತ ಗೆದ್ದಲು ತಿಂದ ಟ್ರಂಕೇ ವಾಸಿ.

ಕನ್ನಡದವರಿಗೆ ಇರುವ ಇನ್ನೊಂದು ತಲೆನೋವು, ಅದೇ ಅವಕಾಶ ಕೂಡ: ಹಳೇ ಕ್ಯಾಟಲಾಗುಗಳು ನುಡಿ, ಬರಹ, ಶ್ರೀಲಿಪಿ ಅನ್ನುವ ಟೈಪಿಂಗ್ ತಂತ್ರಾಂಶಗಳ ಹಳೇ ಎನ್‌ಕೋಡಿಂಗ್‌ನಲ್ಲಿ ಟೈಪ್ ಆಗಿರುತ್ತವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಕಸ. ಅದನ್ನು ಯೂನಿಕೋಡ್‌ಗೆ ತಿರುಗಿಸಿ, ಅರ್ಕಾವೊತ್ತು ಎಲ್ಲಿ ಕೆಟ್ಟಿದೆ ಅಂತ ಕಣ್ಣಿಟ್ಟು ತಿದ್ದಿ, ಎಕ್ಸೆಲ್‌ಗೆ ಹಾಕಿ ಕೊಟ್ಟರೆ ಯಾವ ಭಂಡಾರದವರೂ ನಿಮ್ಮನ್ನು ಬಿಡಲ್ಲ. ಕೋಹ, ಡಿಸ್ಪೇಸ್, ಆಟಮ್ ಇವೆಲ್ಲ ಲೈಬ್ರರಿ, ಪತ್ರಾಗಾರಗಳ ಸಂಗ್ರಹ ನೋಡಿಕೊಳ್ಳೋಕೆ ದುಡ್ಡು ಕೊಡದೆ ಸಿಗುವ ತಂತ್ರಾಂಶಗಳು. ಒಂದನ್ನು ಮನೆಯ ಕಂಪ್ಯೂಟರಿನಲ್ಲಿ ಹಾಕಿಕೊಂಡು ಅಜ್ಜಿಯ ಟ್ರಂಕಿನ ಪಟ್ಟಿಯನ್ನೇ ತುಂಬಿ ನೋಡಿ.

ಕಾನೂನು ಸ್ವಲ್ಪ ಗೊತ್ತಿರಲಿ. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕಾಪಿರೈಟ್ ಇರುತ್ತದೆ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ವಸ್ತು, 75 ವರ್ಷ ದಾಟಿದ ಬೆಲೆಯುಳ್ಳ ಹಸ್ತಪ್ರತಿ ಬರುತ್ತವೆ. ಅವನ್ನು ಮನಸ್ಸಿಗೆ ಬಂದ ಹಾಗೆ ಹೊರದೇಶಕ್ಕೆ ಕಳಿಸುವಂತಿಲ್ಲ. ಹಳ್ಳಿಗೆ ಹೋದಾಗ "ಇದಕ್ಕೆ ಎಷ್ಟು ಬರುತ್ತದೆ?" ಅಂತ ಕೇಳುತ್ತಾರೆ. ಬೆಲೆ ಹೇಳಬೇಡಿ, ದಲ್ಲಾಳಿ ಆಗಬೇಡಿ. ಒಮ್ಮೆ ಆ ಹೆಸರು ಬಂದರೆ ಮುಂದೆ ಯಾರ ಮನೆಯ ಅಟ್ಟವೂ ನಿಮಗೆ ತೆರೆಯುವುದಿಲ್ಲ.

ಒಳಗೆ ಕಾಲಿಡೋದು

ಪೇಪರಿನಲ್ಲಿ ಜಾಹೀರಾತು ಬರಲಿ ಅಂತ ಕಾದರೆ ವರ್ಷಗಳೇ ಹೋಗುತ್ತವೆ. ನೀವೇ ಬರೆಯಿರಿ. ಬೆಂಗಳೂರಿನ ಎನ್‌ಸಿಬಿಎಸ್ (ಜೀವವಿಜ್ಞಾನದ ರಾಷ್ಟ್ರೀಯ ಸಂಶೋಧನಾ ಕೇಂದ್ರ) ಪತ್ರಾಗಾರ 2019ರಲ್ಲಿ ಶುರುವಾದದ್ದು, ವಿಜ್ಞಾನದ ಇತಿಹಾಸದ ಕಾಗದಗಳು ಅಲ್ಲಿವೆ, ಇಂಟರ್ನ್‌ಗಳನ್ನು ತಗೊಳ್ಳುತ್ತಾರೆ. ಕಸ್ತೂರಬಾ ರಸ್ತೆಯ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ) 2023ರಲ್ಲಿ ಬಾಗಿಲು ತೆರೆಯಿತು. ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಹಾಕುವ ಸರ್ವೆಂಟ್ಸ್ ಆಫ್ ನಾಲೆಡ್ಜ್, ಬೆಂಗಳೂರು ಸುತ್ತಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿರುವ ಮಿಥಿಕ್ ಸೊಸೈಟಿ, ರಾಮನಗರದ ಜಾನಪದ ಲೋಕ, ಎಲ್ಲ ನೋಡಿ. ಕಂಪನಿಗಳ ಪತ್ರಾಗಾರಗಳನ್ನೂ ಮರೆಯಬೇಡಿ: ಟಾಟಾ, ರಿಸರ್ವ್ ಬ್ಯಾಂಕಿನದು ಪುಣೆಯಲ್ಲಿ, ಗೋದ್ರೆಜ್‌ದು ಮುಂಬೈಯಲ್ಲಿ.

ಬರೆಯುವಾಗ "ಪರಂಪರೆಯ ಬಗ್ಗೆ ಅಪಾರ ಆಸಕ್ತಿ" ಅಂತ ಶುರು ಮಾಡಬೇಡಿ, ಎಲ್ಲರಿಗೂ ಇರುತ್ತದೆ. ಹೀಗೆ ಬರೆಯಿರಿ:

"ನಮಸ್ಕಾರ ಮೇಡಂ. ನಾನು ಇತಿಹಾಸ ಎಂಎ ಎರಡನೇ ವರ್ಷದಲ್ಲಿದ್ದೇನೆ. ನಮ್ಮ ಮನೆಯ 1930–60ರ ಐವತ್ತು ಪತ್ರಗಳ ಪಟ್ಟಿ ಮಾಡಿದ್ದೇನೆ, ಜೊತೆಗೆ ಕಳಿಸಿದ್ದೇನೆ. ಮೋಡಿ ನಿಧಾನವಾಗಿ ಓದಬಲ್ಲೆ. ಜೂನ್, ಜುಲೈ ಎರಡು ತಿಂಗಳು ನಿಮ್ಮಲ್ಲಿ ಪಟ್ಟಿ ಮಾಡದೆ ಉಳಿದಿರುವ ಪೆಟ್ಟಿಗೆ ಇದ್ದರೆ ಕೆಲಸ ಮಾಡಲು ಸಿದ್ಧ."

ಇಷ್ಟೇ. ಪಟ್ಟಿ ಮಾಡದೆ ಉಳಿದ ಪೆಟ್ಟಿಗೆ ಇಲ್ಲದ ಸಂಸ್ಥೆ ಇಡೀ ದೇಶದಲ್ಲಿ ಇರಲಾರದು.

ಮಠ, ಹಳೇ ಮನೆತನಗಳಿಗೆ ಇಮೇಲ್ ನಡೆಯಲ್ಲ. ಪರಿಚಯದವರೊಬ್ಬರ ಜೊತೆ ಹೋಗಿ, ಮೊದಲ ದಿನ ಏನನ್ನೂ ಕೇಳಬೇಡಿ. ಊಟ ಮಾಡಿ ಬನ್ನಿ. ಎರಡನೇ ಸಲ ಹೋದಾಗ ಅವರೇ "ಒಳಗೊಂದು ಗಂಟಿದೆ ನೋಡ್ತೀರಾ?" ಅನ್ನುತ್ತಾರೆ. ಮನೆಯಿಂದ ಏನನ್ನೂ ಹೊರಗೆ ತರಬೇಡಿ, ಅಲ್ಲೇ ಕೂತು ಫೋಟೋ ತೆಗೆದು ಒಂದು ಪ್ರತಿ ಅವರಿಗೇ ಕೊಡಿ.

ಸಂಬಳ, ಕಾಯಂ, ಇತ್ಯಾದಿ

ಸರ್ಕಾರಿ ಹುದ್ದೆಗಳು ಕೆಪಿಎಸ್‌ಸಿ, ಯುಪಿಎಸ್‌ಸಿ ಮೂಲಕ ಬರುತ್ತವೆ: ರಾಜ್ಯದ ಪತ್ರಾಗಾರ, ಪುರಾತತ್ವ ಮತ್ತು ಸಂಗ್ರಹಾಲಯ ಇಲಾಖೆ, ರಾಷ್ಟ್ರೀಯ ಪತ್ರಾಗಾರ, ಎಎಸ್‌ಐ (ಭಾರತೀಯ ಪುರಾತತ್ವ ಸರ್ವೇಕ್ಷಣ). ಎಎಸ್‌ಐನ ಶಾಸನ ವಿಭಾಗದ ಮುಖ್ಯ ಕಚೇರಿ ಮೈಸೂರಿನಲ್ಲೇ ಇದೆ. ಹುದ್ದೆ ಕಡಿಮೆ, ಕರೆಯೋದು ಅಪರೂಪ. ಪರೀಕ್ಷೆಗೆ ಓದುತ್ತಾ ಇರಿ, ಅದೊಂದನ್ನೇ ನಂಬಿ ಕೂರಬೇಡಿ.

ಮಿಕ್ಕದ್ದು ಯೋಜನೆ ಕೆಲಸ. ಹನ್ನೊಂದು ತಿಂಗಳ ಕಾಂಟ್ರಾಕ್ಟ್, "ಗೌರವಧನ" ಅನ್ನುವ ಚೆಂದದ ಹೆಸರು. ನನಗೆ ಒಂದು ಕಡೆ ಐದು ತಿಂಗಳ ಗೌರವಧನ ಒಟ್ಟಿಗೆ ಬಂತು, ಯೋಜನೆ ಮುಗಿದ ಮೇಲೆ. ಆ ಐದು ತಿಂಗಳು ಸಂಜೆ ಟ್ಯೂಷನ್ ಹೇಳಿ ಬಾಡಿಗೆ ಕಟ್ಟಿದೆ. ಹಾಗಾಗಿ ಸೇರುವ ಮುಂಚೆ ಮೂರು ವಿಷಯ ಬರವಣಿಗೆಯಲ್ಲಿ ಕೇಳಿ: ದುಡ್ಡು ಯಾವ ತಾರೀಕಿಗೆ, ಕ್ಯಾಟಲಾಗಿನಲ್ಲಿ ನನ್ನ ಹೆಸರು ಬರುತ್ತದಾ, ಮಾಡಿದ ಕೆಲಸದ ಮಾದರಿಯನ್ನು ಬೇರೆಯವರಿಗೆ ತೋರಿಸಬಹುದಾ. ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಹೆದರಬೇಡಿ. ಕಾಗದಪತ್ರ ಸರಿಯಾಗಿಡುವ ಕೆಲಸಕ್ಕೆ ಸೇರುವವರು ತಮ್ಮ ಕಾಗದಪತ್ರ ಸರಿಯಾಗಿಟ್ಟುಕೊಳ್ಳದಿದ್ದರೆ ಹೇಗೆ? ಮನೆಯಲ್ಲಿ ಬೇರೆ ಆದಾಯ ಇಲ್ಲದವರು ಮೊದಲ ಮೂರು ವರ್ಷಕ್ಕೆ ಒಂದು ಆಸರೆ ನೋಡಿಕೊಂಡೇ ಬನ್ನಿ. ಅನುವಾದ, ಕರಡು ತಿದ್ದೋದು, ಪಾಠ, ಯಾವುದಾದರೂ ಸರಿ.

ಸಂದರ್ಶನ

ಗಾಜಿನ ಮೇಜು, ಐದು ಜನ, ಕಾಫಿ. "ನಿಮ್ಮ ಬಲ ಏನು, ದೌರ್ಬಲ್ಯ ಏನು" ಅಂತ ಒಂದಿಬ್ಬರು ಕೇಳುತ್ತಾರೆ. ಕೆಲಸ ಗೊತ್ತಿರುವವರು ಮಾತ್ರ ಒಂದು ಕಾಗದ ಮುಂದಿಟ್ಟು "ಇದರ ಬಗ್ಗೆ ಹೇಳಿ" ಅನ್ನುತ್ತಾರೆ. ಕೂಡಲೇ ಓದಲು ಹೋಗಬೇಡಿ. ಮೊದಲು ಎರಡೂ ಬದಿ ನೋಡಿ. ಮಡಿಕೆ, ಮುದ್ರೆ, ಶಾಯಿ, ತೂತು ನೋಡಿ. "ಇದು ಯಾವುದರ ಜೊತೆ ಸಿಕ್ಕಿತು ಸರ್?" ಅಂತ ಕೇಳಿ. ಆ ಒಂದು ಪ್ರಶ್ನೆ ಕೇಳಿದವರನ್ನು ನಾನು ಯಾವತ್ತೂ ಬಿಟ್ಟಿಲ್ಲ.

ನನ್ನ ಎರಡನೇ ಕೆಲಸದ ಸಂದರ್ಶನದಲ್ಲಿ, ಮಾಡಿದ ತಪ್ಪು ಯಾವುದಾದರೂ ಇದ್ದರೆ ಹೇಳಿ ಅಂದರು. ಜಾತಕದ ಕಥೆ ಹೇಳಿದೆ. "ಆಮೇಲೆ ಏನು ಮಾಡಿದಿರಿ?" ಅಂತ ಒಬ್ಬರು ಕೇಳಿದರು. ಒಂದು ಚೀಟಿ ಬರೆದು ಪೆಟ್ಟಿಗೆಯಲ್ಲಿಟ್ಟೆ ಅಂದೆ. ಪೆನ್ಸಿಲಿನಲ್ಲಿ, ಮೂರೇ ಸಾಲು: ಗೋಣಿದಾರದ ಕಂತೆಯ ಮೂಲ ಕ್ರಮ ಪಟ್ಟಿ ಮಾಡುವಾಗ ತಪ್ಪಿದೆ. ಈ ಏಳು ಜಾತಕಗಳಲ್ಲಿ ಒಂದು ಆ ಕಂತೆಯದು, ಯಾವುದೆಂದು ತಿಳಿಯದು. ಕೆಳಗೆ ತಾರೀಕು, ನನ್ನ ಸಹಿ.